ಸ್ಟಾರ್‌ಡ್ಯೂ ವ್ಯಾಲಿ ಗೇಮ್‌ನಲ್ಲಿ ಮನೆ ಅಪ್‌ಗ್ರೇಡ್ ಆಗ್ತಿಲ್ವಾ?

ಮೊದಲ ಅಪ್‌ಗ್ರೇಡ್‌ಗೆ 10,000 ಗೋಲ್ಡ್, 450 ವುಡ್ ಬೇಕು. ನನ್ನ ಹತ್ತಿರ ಎರಡೂ ಇತ್ತು. ಆದರೂ ಮನೆ ಕಟ್ಟಿಕೊಡುವ ಬಡಗಿ ರಾಬಿನ್ ಕೆಲಸ ಒಪ್ಪಿಕೊಳ್ಳಲೇ ಇಲ್ಲ.

ಗೇಮ್ ಮುಚ್ಚಿ ತೆರೆದೆ, ಪ್ರಯೋಜನವಿಲ್ಲ. ಹಾರ್ಡ್‌ವುಡ್ ಒಯ್ದೆ, ಅದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಮಂಗಳವಾರ ಹೋದೆ, ಕೌಂಟರಿನಲ್ಲಿ ಆಕೆಯೇ ಇಲ್ಲ. ಆಮೇಲೆ ಕೋಳಿಗೂಡು ಕಟ್ಟಲು ಹೇಳಿಬಿಟ್ಟೆ. ಅದು ಮುಗಿಯುವ ತನಕ ಮನೆ ಕೆಲಸ ಶುರುವಾಗಲ್ಲ, ಸುಮ್ನೆ 3 ದಿನ ಹೋಯ್ತು. ಅದಕ್ಕೆ 300 ವುಡ್ ಬೇರೆ ಹೋಯ್ತು!

ನಿಜವಾದ ತೊಂದರೆ ಪೆಟ್ಟಿಗೆಯದು. ನನ್ನ ಉಳಿದ ವುಡ್ ಎಲ್ಲಾ ಮನೆ ಬಾಗಿಲ ಪಕ್ಕದ ಚೆಸ್ಟ್‌ನಲ್ಲಿ ಕೂತಿತ್ತು. ಕೋಳಿಗೂಡಿಗೆ ಹೋಗಿ ಬೆನ್ನುಚೀಲದಲ್ಲಿ ಉಳಿದದ್ದು 38. ರಾಬಿನ್ ನೋಡುವುದು ಚೀಲ ಮಾತ್ರ.

ಹಾಗಾಗಿ ಹೀಗೆ ಮಾಡಿ. ಹಿಂದಿನ ರಾತ್ರಿ ಮಲಗುವ ಮೊದಲೇ 450 ವುಡ್ ಚೀಲಕ್ಕೆ ಹಾಕಿ. ಒಂದೇ ಖಾನೆಯಲ್ಲಿ 999ರ ತನಕ ಹಿಡಿಸುತ್ತದೆ, ಜಾಗದ ಚಿಂತೆ ಬೇಡ. ಸ್ವಲ್ಪ ಕಡಿಮೆ ಬಿದ್ದರೆ ಆಕೆಯ ಅಂಗಡಿಯಲ್ಲೇ ಕೊಳ್ಳಬಹುದು: ಮೊದಲ ವರ್ಷ ಒಂದಕ್ಕೆ 10 ಗೋಲ್ಡ್, ಎರಡನೇ ವರ್ಷದಿಂದ 50. ಆದರೆ ಆ 10,000 ಮುಟ್ಟಬೇಡಿ. ಬೆಳಗ್ಗೆ 9ರಿಂದ ಸಂಜೆ 5ರೊಳಗೆ ರಾಬಿನ್ ಕೌಂಟರಿನ ಹಿಂದೆ ನಿಂತಿರುವಾಗ ಮಾತಾಡಿಸಿ, ಮನೆ ಅಪ್‌ಗ್ರೇಡ್ ಆಯ್ಕೆ ಒತ್ತಿ, ಹೌದು ಅನ್ನಿ.

3 ದಿನ ಕಳೆದು ಎದ್ದರೆ ಅಡುಗೆಮನೆ, ಒಳಗೆ ಫ್ರಿಜ್ಜು.