‘ಗೋ ಆನ್’ ಅಂದರೆ ಎದ್ದು ಹೋಗಬೇಡಿ

ನಾನು ಓದಿದ್ದು ಕಾಸರಗೋಡಿನ ಬದಿಯಡ್ಕ ಹತ್ತಿರ, ಕನ್ನಡ ಮೀಡಿಯಂ. ಮೊದಲ ಇಂಟರ್‌ವ್ಯೂ ಮಂಗಳೂರಲ್ಲಿ. ನನ್ನ ಬಗ್ಗೆ ಎರಡು ವಾಕ್ಯ ಹೇಳಿ ನಿಲ್ಲಿಸಿದೆ, ಎದುರು ಕೂತವರು ‘ಗೋ ಆನ್’ ಅಂದರು. ಗೋ ಅಂದರೆ ಹೋಗು ಅಲ್ವಾ? ಇಷ್ಟು ಬೇಗ ಮುಗೀತಾ ಅಂದುಕೊಂಡು ಫೈಲ್ ಎತ್ತಿಕೊಂಡು ಎದ್ದೇಬಿಟ್ಟೆ. ಪಾಪ, ಅವರೇ ಗಾಬರಿಯಾಗಿ ಮತ್ತೆ ಕೂರಿಸಿದರು. ಅವರು ಹೇಳಿದ್ದು ‘ಹೇಳಿ ಹೇಳಿ, ಮುಂದೆ?’ ಅಂತ.

ಎಡವಟ್ಟಾಗಿದ್ದು ಎಲ್ಲಿ ಅಂದರೆ, ಆನ್ ಅಂದರೆ ‘ಮೇಲೆ’ ಅಂತ ಮಾತ್ರ ಕಲಿತದ್ದು. ಮೇಜಿನ ಮೇಲೆ ಪುಸ್ತಕ ಇಡುವಾಗ ಅದು ಸರಿ. ಆದರೆ ಅದೇ ಆನ್ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡರೆ ಎಷ್ಟೋ ಸಲ ನಮ್ಮ ‘ಮಾಡ್ತಾ ಇರು’, ‘ಮಾಡ್ತಾ ಹೋಗು’ ಇದೆಯಲ್ಲ, ಆ ಕೆಲಸ ಮಾಡುತ್ತೆ. ರೀಡ್ ಆನ್ ಅಂದರೆ ಓದ್ತಾ ಹೋಗು. ಡ್ರೈವ್ ಆನ್ ಅಂದರೆ ಗಾಡಿ ನಿಲ್ಲಿಸಬೇಡ, ಬಿಡು. ಆದ್ದರಿಂದ ಪಟ್ಟಿ ಬಾಯಿಪಾಠ ಮಾಡಬೇಡಿ. ಆನ್‌ಗೆ ಮೊದಲು ಯಾವ ಪದ ಇದೆ ನೋಡಿ. ಹೇಳುವವರಿಗೆ ಖುಷಿಯೋ, ಹಟವೋ, ಬೇಜಾರೋ ಅಂತ ಅದರಲ್ಲೇ ಗೊತ್ತಾಗುತ್ತೆ.

ಕೀಪ್ ಆನ್ ತಗೊಳ್ಳಿ. ಜುಲೈ ತಿಂಗಳು, ಅಡಿಕೆಗೆ ಮದ್ದು ಬಿಡಬೇಕು, ಸುಣ್ಣ ಮೈಲುತುತ್ತು ತಂದಿಟ್ಟಾಗಿದೆ, ಮರ ಹತ್ತುವವರು ಬಂದು ಜಗಲಿಯಲ್ಲಿ ಕೂತು ಎರಡನೇ ಚಾ ಕುಡೀತಿದ್ದಾರೆ, ಮಳೆ ಮಾತ್ರ ಬಿಡ್ತಾ ಇಲ್ಲ. ‘ಇಟ್ ಕೆಪ್ಟ್ ಆನ್ ರೇನಿಂಗ್.’ ಬರೀ ‘ಕೆಪ್ಟ್ ರೇನಿಂಗ್’ ಅಂದರೂ ತಪ್ಪಿಲ್ಲ. ಆನ್ ಸೇರಿದರೆ ‘ಬರ್ತಾ ಇತ್ತು’ ಅನ್ನೋದು ‘ಬರ್ತಾನೇ ಇತ್ತು ಮಾರಾಯ್ರೇ’ ಆಗುತ್ತೆ. ಆ ‘ನೇ’ಯಲ್ಲಿ ಇರುವ ಕಿರಿಕಿರಿಯೇ ಇಲ್ಲಿನ ಆನ್. ಮುಂದೆ ಬರೋದು ರೇನಿಂಗ್ ಥರದ ಇಂಗ್ ರೂಪ ಮಾತ್ರ, ‘ಕೆಪ್ಟ್ ಆನ್ ಟು ರೇನ್’ ಅಂತ ಇಲ್ಲ.

ಕ್ಯಾರಿ ಆನ್‌ನಲ್ಲಿ ಕಿರಿಕಿರಿ ಇಲ್ಲ, ಗಟ್ಟಿತನ ಇದೆ. ಯಕ್ಷಗಾನ ಆಟದ ನಡುವೆ ಕರೆಂಟ್ ಹೋಯ್ತು, ಚೆಂಡೆ ನಿಲ್ಲಲಿಲ್ಲ, ಯಾರೋ ಎರಡು ಮೊಬೈಲ್ ಟಾರ್ಚ್ ಹಿಡಿದರು, ವೇಷ ಕುಣೀತಾ ಇತ್ತು. ‘ದೇ ಕ್ಯಾರಿಡ್ ಆನ್.’ 1939ರಲ್ಲಿ ಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ‘ಕೀಪ್ ಕಾಮ್ ಆ್ಯಂಡ್ ಕ್ಯಾರಿ ಆನ್’ ಅಂತ ಪೋಸ್ಟರ್ ಅಚ್ಚು ಹಾಕಿಸಿತ್ತು. ತಮಾಷೆ ಅಂದರೆ ಆಗ ಅದನ್ನು ಗೋಡೆಗೆ ಹಚ್ಚಿದ್ದೇ ಕಡಿಮೆ. 2000ದಲ್ಲಿ ಇಂಗ್ಲೆಂಡಿನ ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಪ್ರತಿ ಸಿಕ್ಕಿತು, ಆಮೇಲೆ ಅದು ಟೀಶರ್ಟು, ಕಪ್ಪುಗಳ ಮೇಲೆಲ್ಲ ಬಂತು. ಮುಂದೆ ನಾಮಪದ ಇದ್ದರೆ ವಿತ್ ಹಾಕಿ: ‘ಕ್ಯಾರಿ ಆನ್ ವಿತ್ ಯುವರ್ ವರ್ಕ್.’

ಡ್ರ್ಯಾಗ್ ಆನ್ ನಮ್ಮೂರವರಿಗೆ ಹೇಳಿಕೊಡಬೇಕಾಗಿಲ್ಲ. ಚಿಕ್ಕವರಿದ್ದಾಗ ಅಡಿಕೆ ಹಾಳೆ ಮೇಲೆ ಒಬ್ಬರನ್ನು ಕೂರಿಸಿ ಎಳೀತಿದ್ದೆವಲ್ಲ, ಆ ಎಳೆಯೋದೇ ಡ್ರ್ಯಾಗ್. ಹಾಳೆ ನೆಲಕ್ಕೆ ಉಜ್ಜಿಕೊಂಡು ಗರಗರ ಅಂತ ನಿಧಾನ ಬರುತ್ತೆ, ಕೂತವನು ದಪ್ಪ ಇದ್ದರೆ ಬರೋದೇ ಇಲ್ಲ. ಕೋರ್ಟು ಕೇಸು, ಹೈವೇ ಕೆಲಸ, ಮೀಟಿಂಗು ಎಲ್ಲ ಹಾಗೇ. ಕಾಸರಗೋಡಿನ ವಿಷಯವನ್ನೇ ನೋಡಿ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದೆವು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕು ಅಂತ 1967ರಲ್ಲಿ ಗಡಿ ವಿಚಾರದ ಮಹಾಜನ ಆಯೋಗದ ವರದಿ ಹೇಳಿತು, ವರದಿ ವರದಿಯಾಗಿಯೇ ಉಳಿಯಿತು. ‘ದ ಇಶ್ಯೂ ಡ್ರ್ಯಾಗ್ಡ್ ಆನ್ ಫಾರ್ ಡೆಕೇಡ್ಸ್.’ ಗಮನಿಸಿ, ಇಲ್ಲಿ ಎಳೆದುಕೊಂಡು ಹೋಗೋದು ವಿಷಯ, ಮನುಷ್ಯ ಅಲ್ಲ. ಯಾರೋ ಬೇಕೂಂತಲೇ ಎಳೆದರೆ ಅದು ಡ್ರ್ಯಾಗ್ ಔಟ್.

ಅದೇ ಕಥೆಯಲ್ಲಿ ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈಗಳಿಗೆ ಬೇರೆ ಪದ ಬೇಕು. ಅವರು ಆ ಬೇಡಿಕೆಯನ್ನು ದಶಕಗಟ್ಟಲೆ ಕೈಬಿಡಲಿಲ್ಲ: ‘ಹಿ ಕೆಪ್ಟ್ ಅಪ್ ದ ಫೈಟ್.’ ಇಲ್ಲಿ ಅಪ್. ಬಿಟ್ಟರೆ ಬಿದ್ದುಹೋಗುತ್ತೆ, ಅದಕ್ಕೆ ಎತ್ತಿ ಹಿಡಿದಿರೋದು. ಇಟ್ ಬಂದರೆ ನಡುವೆಯೇ ಬರಬೇಕು: ‘ಕೆಪ್ಟ್ ಇಟ್ ಅಪ್.’ ‘ಕೆಪ್ಟ್ ಅಪ್ ಇಟ್’ ಅಂದರೆ ಕೇಳುವವರು ಹುಬ್ಬು ಗಂಟು ಹಾಕ್ತಾರೆ.

ವೇರ್ ಆನ್ ಹೊತ್ತಿಗೆ ಮಾತ್ರ: ‘ಆಸ್ ದ ನೈಟ್ ವೋರ್ ಆನ್’, ರಾತ್ರಿ ಕಳೀತಾ ಕಳೀತಾ. ಬರವಣಿಗೆಯಲ್ಲೇ ಜಾಸ್ತಿ.

ಡ್ರೋನ್ ಆನ್ ಅಂದರೆ ಕೊರೆಯೋದು. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಒಬ್ಬರ ಅರ್ಥ (ಪಾತ್ರದ ಮಾತು) ಒಂದು ಗಂಟೆ ಆದರೂ ಸಾಕು ಅನಿಸಲ್ಲ, ಇನ್ನೊಬ್ಬರದ್ದು ಹತ್ತೇ ನಿಮಿಷಕ್ಕೆ ಡ್ರೋನ್ ಆನ್ ಆಗಿರುತ್ತೆ. ಯಾರು ಅಂತ ಹೇಳಲ್ಲ. ಗೋ ಆನ್ ಅಬೌಟ್ ಅಂದರೂ ಹತ್ತಿರ ಹತ್ತಿರ ಅದೇ, ಹೇಳಿದ್ದನ್ನೇ ಹೇಳೋದು.

ನನ್ನ ಶತ್ರು ಗೋ ಆನ್‌ಗೆ ಇನ್ನೊಂದು ಗುಂಡಿ ಇದೆ. ‘ಹಿ ವೆಂಟ್ ಆನ್ ಟಾಕಿಂಗ್ ಅಬೌಟ್ ಮನಿ’ ಅಂದರೆ ದುಡ್ಡಿನ ಮಾತನ್ನೇ ಆಡ್ತಾ ಇದ್ದರು. ‘ಹಿ ವೆಂಟ್ ಆನ್ ಟು ಟಾಕ್ ಅಬೌಟ್ ಮನಿ’ ಅಂದರೆ ಬೇರೇನೋ ಮಾತು ಮುಗಿಸಿ, ಆಮೇಲೆ ದುಡ್ಡಿನ ವಿಷಯಕ್ಕೆ ಬಂದರು. ಟು ಒಂದು ಸೇರಿದ್ದಕ್ಕೆ ಕೆಲಸವೇ ಬದಲಾಯ್ತು.

ಹೇಳುವಾಗ ಒತ್ತು ಗೋ ಮೇಲೆ ಅಲ್ಲ, ಆನ್ ಮೇಲೆ. ಅಭ್ಯಾಸಕ್ಕೆ ನಾನು ಮಂಗಳೂರು ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕಂಡದ್ದಕ್ಕೆಲ್ಲ ಒಂದೊಂದು ವಾಕ್ಯ ಕಟ್ಟುತ್ತಿದ್ದೆ. ಹಾರ್ನ್ ಹೊಡೀತಾನೇ ಇರುವ ಹಿಂದಿನ ಲಾರಿಗೆ ಕೀಪ್ ಆನ್, ಮುಗಿಯದ ಸೇತುವೆಗೆ ಡ್ರ್ಯಾಗ್ ಆನ್, ಜೋರು ಮಳೆಗೂ ನಿಲ್ಲಿಸದ ನಮ್ಮ ಡ್ರೈವರಿಗೆ ಡ್ರೈವ್ ಆನ್. ಗಡಿಯ ತಲಪಾಡಿ ದಾಟುವಷ್ಟರಲ್ಲಿ ಹತ್ತು ವಾಕ್ಯ ಆಗ್ತಿತ್ತು.