ಹಗ್ಗದ ಆಚೆಗಿನ ಹಿಮ

ವೈಟ್ ಟಾಪಿಂಗ್ ಕಾಮಗಾರಿಗೆಂದು ಅಡ್ಡ ಇಟ್ಟ ಬ್ಯಾರಿಕೇಡಿನ ಸಂದಿಯಲ್ಲಿ ಸ್ಕೂಟರ್ ನುಗ್ಗಿಸಿ ಅಭ್ಯಾಸವಾದ ಬೆಂಗಳೂರಿನವನು ನಾನು. ‘ರಸ್ತೆ ಮುಚ್ಚಿದೆ’ ಎಂಬ ಫಲಕ ಕಾರಿನವರಿಗೆ ಮಾತ್ರ ಎಂಬ ಆ ಬುದ್ಧಿಯನ್ನೇ ಮೂರನೆಯ ಬಾರಿ ಸ್ಕೀಯಿಂಗಿಗೆ ಹೋದಾಗ ಕಾಶ್ಮೀರದ ಗುಲ್ಮಾರ್ಗಿಗೂ ಹೊತ್ತುಕೊಂಡು ಹೋಗಿದ್ದೆ.

ಅಲ್ಲಿನ ಗೊಂಡೋಲಾ ಅಂದರೆ ಕೇಬಲ್ ಕಾರಿನ ಮೊದಲ ಹಂತ ಮುಗಿಯುವ ಕೊಂಗ್ಡೂರಿಯ ಕೆಳಗೆ, ಇಳಿಜಾರಿನ ಒಂದು ಕವಲಿಗೆ ಹಗ್ಗ ಕಟ್ಟಿದ್ದರು. ಆಚೆ ಇಬ್ಬರು ಮೂವರು ಇಳಿದುಹೋದ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದುದರಿಂದ ಅಪಾಯವಿಲ್ಲವೆಂದು ತೀರ್ಮಾನಿಸಿ ಹಗ್ಗದ ಕೆಳಗೆ ತೂರಿದೆ. ನಾಲ್ಕೈದು ತಿರುವುಗಳಾಗಿದ್ದವು, ಅಷ್ಟೆ. ಗೇಣುದ್ದದ ಹಿಮದಡಿ ಅಡಗಿದ್ದ ಬಂಡೆಗೆ ಎಡಗಾಲಿನ ಸ್ಕೀ ಸಿಕ್ಕಿಕೊಂಡಿತು. ವೇಗ ಕಡಿಮೆಯಿದ್ದುದರಿಂದ ಬೂಟನ್ನು ಸ್ಕೀಗೆ ಹಿಡಿದಿಡುವ, ಬಿದ್ದಾಗ ಬಿಚ್ಚಿಕೊಳ್ಳಬೇಕಾದ ಬೈಂಡಿಂಗ್ ಬಿಚ್ಚಿಕೊಳ್ಳಲಿಲ್ಲ. ದೇಹವೆಲ್ಲ ಮುಂದಕ್ಕೆ ತಿರುಗಿ ಮೊಣಕಾಲು ಹಿಂದೆಯೇ ಉಳಿಯಿತು. ಒಳಗಿನಿಂದ ಹಸಿ ಕಬ್ಬು ಮುರಿದಂತೆ ಲಟಕ್ಕೆಂದಿತು.

ನೋವಿಗಿಂತ ಹೆಚ್ಚು ಹೆದರಿಸಿದ್ದು ಕಾಯುವಿಕೆ. ಸಂಜೆ ಇಳಿಜಾರುಗಳನ್ನು ಜಾಲಾಡುತ್ತ ಬರುವ ಗಸ್ತಿನವರು ತೆರೆದ ಹಾದಿಗಳನ್ನಷ್ಟೇ ನೋಡುತ್ತಾರೆ. ಮುಚ್ಚಿದ ಕಡೆ ಯಾರಾದರೂ ಬಿದ್ದಿರಬಹುದೆಂದು ಯಾರೂ ಹುಡುಕುವುದಿಲ್ಲ. ಸೌದೆ ಹೊತ್ತು ಬರುತ್ತಿದ್ದ ಸ್ಥಳೀಯನೊಬ್ಬ ಕೂಗು ಕೇಳಿ ಸ್ಲೆಡ್ ತರಿಸದಿದ್ದರೆ ಕತ್ತಲಾಗುತ್ತಿತ್ತು. ಜಯನಗರದ ಫಿಸಿಯೋಥೆರಪಿಸ್ಟ್ ಮೊದಲ ದಿನವೇ ಕೇಳಿದರು: “ಹಗ್ಗ ಕಟ್ಟಿದ್ದು ಕಾಣಿಸ್ಲಿಲ್ವಾ ಸಾರ್?” ಲಿಗಮೆಂಟ್ ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳು ಅವರ ಮುಂದೆ ಕಾಲು ಮಡಚಿ ಬಿಚ್ಚಿದೆ.

ಆ ಬಿಡುವಿನಲ್ಲಿ ಓದಿ ತಿಳಿದದ್ದೇನೆಂದರೆ, ಇನ್ನೂ ಮೇಲಿನ ಅಫರ್ವಟ್ ಶಿಖರದ ಭಾಗದಲ್ಲಾಗಿದ್ದರೆ ಇಷ್ಟಕ್ಕೆ ಮುಗಿಯುತ್ತಿರಲಿಲ್ಲ. ಸುಮಾರು 30ರಿಂದ 45 ಡಿಗ್ರಿ ವಾಲಿರುವ ಇಳಿಜಾರುಗಳಲ್ಲೇ ಹಿಮಕುಸಿತ ಹೆಚ್ಚು, ಸ್ಕೀ ಮಾಡಲು ಆಸೆ ಹುಟ್ಟಿಸುವವೂ ಅವೇ. ಗಾಳಿ ಒಂದು ಮಗ್ಗುಲಿನ ಹಿಮವನ್ನು ಹೊತ್ತು ಇನ್ನೊಂದು ಮಗ್ಗುಲಲ್ಲಿ ಪೇರಿಸುತ್ತದೆ; ಕೆಳಗಿನ ಪದರ ದುರ್ಬಲವಾಗಿದ್ದರೆ ಮೊದಲ ಮೂವರನ್ನು ತಾಳಿಕೊಂಡ ಇಳಿಜಾರು ನಾಲ್ಕನೆಯವನ ಭಾರಕ್ಕೆ ಜಾರಬಹುದು. ಹಾಗಾಗಿ ಹಿಂದಿನವರ ಗೆರೆಗಳು ಯಾವ ಭರವಸೆಯೂ ಅಲ್ಲ. ಹೂತುಹೋದವರು ಬದುಕುವ ಸಾಧ್ಯತೆ ಹತ್ತು ಹದಿನೈದು ನಿಮಿಷಗಳ ನಂತರ ಬೇಗ ಕುಸಿಯುತ್ತದೆ. ನಾನು ಆ ಕವಲಿನಲ್ಲಿ ಬಿದ್ದಿದ್ದು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು.

ಮರುವರ್ಷ ಕೊಲರಾಡೊದ ಅಕ್ಕನ ಮನೆಗೆ ಹೋದಾಗ ಸ್ಕೀಯಲ್ಲಿ ಜಿಗಿಯಲು, ಜಾರಲು ದಿಬ್ಬ, ಬಾಕ್ಸುಗಳನ್ನು ಕಟ್ಟಿಟ್ಟ ಅಲ್ಲಿನ ಟೆರೇನ್ ಪಾರ್ಕ್ ನೋಡಿದೆ. ಕಿತ್ತಳೆ ಬಣ್ಣದ ಅಂಡಾಕಾರದ ಗುರುತಿರುವ ಪ್ರವೇಶದಲ್ಲಿ ಅಂದು ಬೆಳಿಗ್ಗೆ ಹಗ್ಗವಿತ್ತು. ಬಾವ ಕೆಣಕಿದರೂ ಒಳಗೆ ಹೋಗದೆ, ಬದಿಯಲ್ಲಿ ನಿಂತು ಕೆಲಸದವರನ್ನು ಗಮನಿಸಿದೆ: ಜಿಗಿಯುವ ದಿಬ್ಬದ ಅಂಚನ್ನು ಕೊಚ್ಚಿ ಮತ್ತೆ ಕಟ್ಟುತ್ತಿದ್ದರು. ಅಂಚಿನ ಕೋನ ಬದಲಾದರೆ ನಿನ್ನೆಯ ವೇಗದ ಲೆಕ್ಕ ಇಂದು ತಪ್ಪುತ್ತದೆ. ದಿಬ್ಬದಿಂದ ಹಾರಿ ಇಳಿಜಾರಾದ ನೆಲದ ಮೇಲೆ ಇಳಿದವನ ರಭಸವನ್ನು ಇಳುಕಲು ಹಂಚಿಕೊಳ್ಳುತ್ತದೆ. ಹಾರಿದ್ದು ಸ್ವಲ್ಪ ಕಡಿಮೆಯಾಗಿ ಅದಕ್ಕೂ ಮೊದಲಿನ ಸಮತಟ್ಟಿನಲ್ಲಿ ಬಿದ್ದವನ ರಭಸ ನೇರ ಮೊಣಕಾಲು, ಬೆನ್ನುಮೂಳೆಗೆ ಬಡಿಯುತ್ತದೆ. ಸಾಲದ್ದಕ್ಕೆ ರಾತ್ರಿಯ ಚಳಿಗೆ ಇಳಿಯುವ ಜಾಗ ಕಲ್ಲಿನಂತೆ ಗಟ್ಟಿಯಾಗಿತ್ತು.

ಮಧ್ಯಾಹ್ನ ಹಗ್ಗ ತೆಗೆದರು. ಮೊದಲ ಸುತ್ತಿನಲ್ಲಿ ಯಾವ ದಿಬ್ಬವನ್ನೂ ಮುಟ್ಟದೆ ಪಕ್ಕದಿಂದ ಇಳಿದು, ಕೆಳಗೆ ಇಳಿಯುವ ಜಾಗ ಖಾಲಿಯಿದೆಯೇ ಎಂದು ನೋಡಿಕೊಂಡು ಬಂದೆ. ಎರಡನೆಯ ಸುತ್ತಿನಲ್ಲಿ ನೆಲಮಟ್ಟದ ಅಗಲವಾದ ಬಾಕ್ಸಿನ ಮೇಲಷ್ಟೇ ಜಾರಿದೆ. ದೊಡ್ಡ ದಿಬ್ಬದ ಕಡೆ ಬಾವ ಒಬ್ಬರೇ ಹೋದರು.