ಹೆಬ್ಬೆರಳ ಬುಡದ ಗಂಟು: ಚಪ್ಪಲಿ ಬದಲಿಸಬೇಕೋ, ಆಪರೇಷನ್ ಮಾಡಿಸಬೇಕೋ?

ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿ, ಅದರ ಬುಡದಲ್ಲಿ ಮೂಳೆ ಉಬ್ಬಿ ಗಂಟಾಗುವುದನ್ನು ವೈದ್ಯರು ಹ್ಯಾಲಕ್ಸ್ ವಾಲ್ಗಸ್ ಎನ್ನುತ್ತಾರೆ. ಹೆಂಗಸರಲ್ಲಿ ಹೆಚ್ಚು, ಮನೆತನದಲ್ಲೂ ಬರುತ್ತದೆ. ಹಟ್ಟಿ ಗಣಿಯಲ್ಲಿ ದಿನವಿಡೀ ಬೂಟು ತೊಡುವವರಿರಲಿ, ಗಂಗಾವತಿಯ ಗದ್ದೆಯಲ್ಲಿ ನಾಟಿ ಮಾಡುವವರಿರಲಿ, ಬೆರಳಿನ ಅಂದಕ್ಕಾಗಿ ಆಪರೇಷನ್ ಬೇಡ. ನೋವು ನೋಡಿ ನಿರ್ಧರಿಸಿ.

ಮೊದಲು ಪಾದದ ಅಳತೆ ತೆಗೆಯಿರಿ. ಸಂಜೆ ಪಾದ ತುಸು ಊದಿರುತ್ತದೆ, ಆಗಲೇ ತೆಗೆಯುವುದು ಸರಿ. ಹಾಳೆಯ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಮನೆಯವರಿಂದ ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆಸಿ. ಅದರ ಮೇಲೆ ದಿನವೂ ಹಾಕುವ ಚಪ್ಪಲಿ ಇಡಿ. ಗೆರೆ ಆಚೆ ಕಂಡರೆ ಆ ಚಪ್ಪಲಿ ನಿಮಗೆ ಸಾಲದು. ಮುಂಭಾಗ ಅಗಲವಿರುವ, ಹಿಮ್ಮಡಿ ತಗ್ಗಾದ, ಗಂಟಿಗೆ ಪಟ್ಟಿ ಉಜ್ಜದ ಪಾದರಕ್ಷೆ ಕೊಳ್ಳಿ. ಅಂಗಡಿಗೆ ಹೋಗುವಾಗ ಆ ಹಾಳೆಯೂ ಜೊತೆಗಿರಲಿ.

ಸಿಲಿಕಾನ್ ಪ್ಯಾಡ್, ಬಟ್ಟೆಯಲ್ಲಿ ಸುತ್ತಿದ ಐಸ್, ವೈದ್ಯರು ಬರೆದುಕೊಟ್ಟ ಮಾತ್ರೆಗಳಿಂದ ನೋವು ತಗ್ಗುತ್ತದೆ, ಬೆರಳು ನೆಟ್ಟಗಾಗುವುದಿಲ್ಲ. ರಾತ್ರಿ ಪಟ್ಟಿ ಕಟ್ಟಿದರೆ ದೊಡ್ಡವರ ಬೆರಳು ಕಾಯಂ ನೆಟ್ಟಗಾಗುತ್ತದೆ ಎನ್ನುವ ಜಾಹೀರಾತು ನಂಬಿ ದುಡ್ಡು ಕಳೆದುಕೊಳ್ಳಬೇಡಿ. ಆದರೆ ಗಂಟು ಒಂದೇ ರಾತ್ರಿಯಲ್ಲಿ ಕೆಂಪಾಗಿ ಊದಿ, ಮುಟ್ಟಲೂ ಆಗದಿದ್ದರೆ ಅದು ಗೌಟ್ (ಯೂರಿಕ್ ಆಮ್ಲ ಸೇರಿ ಕೀಲು ಊದುವ ಕಾಯಿಲೆ) ಅಥವಾ ಸೋಂಕು ಇರಬಹುದು, ತಕ್ಷಣ ತೋರಿಸಿ.

ಕೆಲವು ತಿಂಗಳು ಹೀಗೆ ಮಾಡಿಯೂ ನಡೆಯುವುದು ಕಷ್ಟವಾದರೆ ಮೂಳೆ ವೈದ್ಯರನ್ನು ಕಾಣಿ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಸರ್ಕಾರಿ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗವಿದೆ. ಎಕ್ಸ್‌ರೇ ನಿಂತುಕೊಂಡೇ ತೆಗೆಸಬೇಕು, ಭಾರ ಬಿದ್ದಾಗಲೇ ನಿಜವಾದ ವಾಲು ಕಾಣುವುದು. 15 ಡಿಗ್ರಿಯೊಳಗಿದ್ದರೆ ಸಹಜ, 40 ದಾಟಿದರೆ ತೀವ್ರ.

ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಮೂಳೆ ಕತ್ತರಿಸಿ, ಸರಿಸಿ, ಸ್ಕ್ರೂ ಹಾಕಿ ಕೂರಿಸುತ್ತಾರೆ. ಫಿನ್ಲೆಂಡಿನಲ್ಲಿ 209 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೂ ಒಳಗೆ ಆಧಾರದ ಅಟ್ಟೆ ಹಾಕಿಕೊಂಡವರಿಗೂ ಆರು ತಿಂಗಳಿಗೆ ಆರಾಮ ಕಂಡಿತ್ತು. ವರ್ಷ ತುಂಬುವ ಹೊತ್ತಿಗೆ ಆಪರೇಷನ್ ಆದವರೇ ಮುಂದಿದ್ದರು.

ಆದರೂ ಅವಸರ ಬೇಡ. ಸುಮಾರು 6 ವಾರ ಗಟ್ಟಿ ಅಟ್ಟೆಯ ವಿಶೇಷ ಚಪ್ಪಲಿಯಲ್ಲೇ ನಡೆಯಬೇಕು, ಊತ ಇಳಿಯಲು ತಿಂಗಳುಗಳೇ ಹಿಡಿಯುತ್ತವೆ. ಸೋಂಕು, ಜೋಮು, ಕೀಲು ಬಿಗಿಯುವುದು, ಬೆರಳು ಮತ್ತೆ ವಾಲುವುದು ಎಲ್ಲವೂ ಸಾಧ್ಯ. ಹಸಿ ಗಾಯ ಕೆಸರಿಗೆ ಇಳಿಯಬಾರದು, ಹಾಗಾಗಿ ಗದ್ದೆ ಕೆಲಸದವರು ಕಾಲುವೆಗೆ ನೀರು ಬಿಡುವುದಕ್ಕೆ ಕೆಲವು ತಿಂಗಳು ಮೊದಲೇ ಮಾಡಿಸಿಕೊಳ್ಳಲಿ. ಶುಗರ್ ಇದ್ದವರು ಅದನ್ನು ಹತೋಟಿಗೆ ತಂದು, ಕಾಲಿನ ರಕ್ತ ಸಂಚಾರ ಪರೀಕ್ಷಿಸಿಕೊಳ್ಳಲೇಬೇಕು. ಕಾಲುಂಗುರ ಮನೆಯಲ್ಲೇ ಬಿಚ್ಚಿಟ್ಟು ಹೋಗಿ. ಸಹಿ ಹಾಕುವ ಮುನ್ನ ಯಾವ ಬಗೆಯ ಆಪರೇಷನ್, ಎಷ್ಟು ದಿನ ಭಾರ ಬಿಡುವಂತಿಲ್ಲ, ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ.